ಆಫೀಸಲ್ಲಿ ಕ್ವಿಜ್ ನೈಟ್ ಅಂತೆ, ಹೊಸಬ ನಾನು, ಹೋಗ್ಲಾ ಬೇಡ್ವಾ?

ಶಿರಾ ಹುಡ್ಗ:
ನರಸಾಪುರದಲ್ಲಿ ಒಂದು ಫ್ಯಾಕ್ಟರಿಗೆ ಸೇರಿ ಇವತ್ತಿಗೆ 11 ದಿನ, ಊರು ಶಿರಾ, ಈಗ ಕೋಲಾರದಲ್ಲಿ ಪಿಜಿ. ಶನಿವಾರ ಶಿಫ್ಟ್ ಮುಗಿದ್ಮೇಲೆ ಕ್ಯಾಂಟೀನಲ್ಲಿ ಕ್ವಿಜ್ ನೈಟ್ ಅಂತೆ, ಎಚ್‌ಆರ್ ಮೇಡಂ ನನ್ನ ಕೇಳ್ದೇನೇ ಟೀಮ್ ನಾಲ್ಕಕ್ಕೆ ಹೆಸರು ಹಾಕ್ಬಿಟ್ಟಿದಾರೆ. ಟೀಮಲ್ಲಿರೋ ಮೂರು ಜನದಲ್ಲಿ ಒಬ್ರ ಹೆಸರು ಮಾತ್ರ ಗೊತ್ತು, ಅದೂ ಐಡಿ ಕಾರ್ಡ್ ನೋಡಿ. ಊಟಕ್ಕೆ ಕೂತ್ರೆ ಅವರೆಲ್ಲ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಜೋಕ್ ಹೊಡೀತಾರೆ, ನಂಗೆ ಅರ್ಥ ಆಗಲ್ಲ, ಸುಮ್ನೆ ನಕ್ಕು ಮುದ್ದೆ ನುಂಗ್ತೀನಿ. ತಪ್ಪು ಉತ್ತರ ಹೇಳಿದ್ರೆ ವರ್ಷಪೂರ್ತಿ ಅದನ್ನೇ ಹಿಡ್ಕೊಂಡು ಆಡ್ಕೋತಾರಾ? ಹೊಟ್ಟೆನೋವು ಅಂತ ತಪ್ಪಿಸ್ಕೊಳ್ಳೋಣ ಅಂತಿದೀನಿ.

ಮಾಲೂರು ಮಗ:
ಹೊಟ್ಟೆನೋವು ಬೇಡ ಗುರು, ಬೋಂಡಾ ಮಿಸ್ ಆಗುತ್ತೆ. ಅಜ್ಜಿ ಹುಷಾರಿಲ್ಲ ಅಂದ್ರೂ ಬೇಡ, ಅದನ್ನ ಹಬ್ಬದ ರಜಕ್ಕೆ ಇಟ್ಕೋ.

ಚಾಂಪಿಯನ್ ರೀಫ್ಸ್ ಮೊಮ್ಮಗ:
ಹೋಗಪ್ಪ ತಮ್ಮ. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಇಂಥದ್ದೇ ಒಂದು ಕ್ವಿಜಲ್ಲಿ ಕೂತಿದ್ದೆ. 1902ರಲ್ಲಿ ಶಿವನಸಮುದ್ರದಿಂದ ಮೊದಲು ಕರೆಂಟ್ ಎಳೆದಿದ್ದು ಎಲ್ಲಿಗೆ ಅಂತ ಪ್ರಶ್ನೆ ಬಂತು. ನಮ್ಮ ಸೀನಿಯರ್ ಪೆನ್ ಕ್ಯಾಪ್ ಬಾಯಲ್ಲಿ ಕಚ್ಕೊಂಡು ಚೀಟಿ ಮೇಲೆ ದಪ್ಪ ಅಕ್ಷರದಲ್ಲಿ ಬೆಂಗಳೂರು ಅಂತ ಬರೀತಾ ಇದಾರೆ, ನಮ್ಮ ತಾತ ಗಣಿಯಲ್ಲಿ ದುಡಿದೋರು, ಅದು ಕೆಜಿಎಫ್ ಅಂತ ನಾನು ಹುಟ್ಟಿದಾಗಿಂದ ಕೇಳ್ಕೊಂಡು ಬಂದೋನು, ಬೆಂಗಳೂರಿಗೆ ಲೈಟ್ ಬಂದಿದ್ದೇ 1905ಕ್ಕೆ, ಆದ್ರೂ ಹೊಸಬ ಬೇರೆ, ದೊಡ್ಡೋರ ಮಾತಿಗೆ ಅಡ್ಡ ಬಾಯಿ ಹಾಕೋದ್ಯಾಕೆ ಅಂತ ಸುಮ್ನೆ ಕೂತೆ. ಒಂದೇ ಪಾಯಿಂಟಲ್ಲಿ ಸೋತ್ವಿ. ಆಮೇಲೆ ಬಾಯಿ ತಪ್ಪಿ ನಂಗೆ ಗೊತ್ತಿತ್ತು ಅಂದ್ಬಿಟ್ಟೆ ನೋಡು, ಆವತ್ತು ಬಿದ್ದ ಬೈಗುಳ ತಪ್ಪು ಹೇಳಿದ್ರೆ ಬೀಳ್ತಿರ್ಲಿಲ್ಲ.

ನಂದಿ ತಪ್ಪಲಿನಿಂದ:
ನಮ್ಮ ಆಫೀಸ್ ಕ್ವಿಜ್ ನಾನೇ ಮಾಡ್ಸೋದು, ಚಿಕ್ಕಬಳ್ಳಾಪುರದಲ್ಲಿ. ಚೀಟಿ ಬರೆಯೋ ಕೆಲಸ ನೀನೇ ತಗೋ, ಪೆನ್ ಹಿಡಿದೋನ್ನ ಎಲ್ರೂ ಮಾತಾಡಿಸ್ಲೇಬೇಕು. ಹೊಸಬರು ಕೂತಿದ್ರೆ ನಾನು ಅವರ ಊರಿನ ಪ್ರಶ್ನೆ ಒಂದಾದ್ರೂ ಹಾಕ್ತೀನಿ, ನಿಮ್ಮಲ್ಲೂ ಹಾಕ್ಬಹುದು. ಶಿರಾ ಅಂದ್ರೆ ಮಲಿಕ್ ರಿಹಾನ್ ಗೋರಿ, ಪಾವಗಡ ಅಂದ್ರೆ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್, ಗುಬ್ಬಿ ಅಂದ್ರೆ 1884ರ ನಾಟಕ ಕಂಪನಿ, ಇಷ್ಟು ತಲೇಲಿರ್ಲಿ. ಇನ್ನೊಂದು, ಕ್ವಿಜ್ ಮಾಸ್ಟರ್ ಜೊತೆ ಜಗಳ ಆಡ್ಬೇಡ. ಹೋದ್ಸಲ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಯಾವ ಜಿಲ್ಲೆ ಅಂತ ಕೇಳಿದ್ದೇ ತಪ್ಪಾಯ್ತು, ಒಬ್ರು ಕೋಲಾರ ಅಂತ ಬರೆದು, ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ, ಅವರು ಹುಟ್ಟಿದ್ದು 1861, ಅರ್ಧ ಮಾರ್ಕ್ ಆದ್ರೂ ಕೊಡಿ ಅಂತ ಕಾಲು ಗಂಟೆ ವಾದ. ಈಗಿನ ಜಿಲ್ಲೆ ಅಂತ ನಾನು ಕೇಳ್ಬೇಕಿತ್ತು, ಒಪ್ಕೋತೀನಿ. ಆದ್ರೆ ಕಾಫಿ ಎಲ್ಲಾ ಆರೋಯ್ತು.

ಶಿರಾ ಹುಡ್ಗ:
ಹೋಗಿದ್ದೆ! ಆರು ಟೀಮಲ್ಲಿ ಮೂರನೇದು ಬಂದ್ವಿ. ಮಾಸ್ತಿಯವರಿಗೆ ಜ್ಞಾನಪೀಠ ಬಂದ ವರ್ಷ 1977 ಅಂತ ಜೋರಾಗಿ ಹೇಳ್ಬಿಟ್ಟೆ, ಅದು ಕಾರಂತರ ವರ್ಷ, ಮಾಸ್ತಿಯವರದ್ದು 1983 ಅಂತೆ. ಕೋಲಾರದೋರ ಮುಂದೆನೇ ಈ ತಪ್ಪು, ಎಲ್ಲಾ ಹೋ ಅಂದ್ರು. ಆಮೇಲೆ ಊರೊಳಗಿನ ಹುಣಸೆಮರಗಳಲ್ಲೇ ಬಣ್ಣದ ಕೊಕ್ಕರೆ ಗೂಡು ಕಟ್ಟೋ ತುಮಕೂರು ಜಿಲ್ಲೆ ಹಳ್ಳಿ ಯಾವ್ದು ಅಂತ ಬಂತು. ಯಾರಿಗೂ ಗೊತ್ತಿಲ್ಲ. ಕಗ್ಗಲಡು! ನಮ್ಮ ಶಿರಾ ತಾಲ್ಲೂಕು, ಚಿಕ್ಕೋನಿದ್ದಾಗ ಅಪ್ಪನ ಟಿವಿಎಸ್ ಮೇಲೆ ಹೋಗಿ ನೋಡಿದ್ದೆ, ಮರದ ಕೆಳಗೆ ನಿಂತಿದ್ದಕ್ಕೆ ಅಂಗಿ ಮೇಲೆಲ್ಲ ಬೆಳ್ಳಗೆ ಹಿಕ್ಕೆ. ಅದನ್ನೂ ಅಲ್ಲೇ ಹೇಳ್ಬಿಟ್ಟೆ. ಸೋಮವಾರದಿಂದ ಲೈನಲ್ಲಿ ಎಲ್ರೂ ನನ್ನ ಕೊಕ್ಕರೆ ಅಂತಾನೇ ಕರೀತಿದಾರೆ, ಊಟಕ್ಕೆ ಜಾಗ ಹಿಡಿದು "ರಾ ಕೊಕ್ಕರೆ" ಅಂತ ಕೂಗ್ತಾರೆ.

ಮಾಲೂರು ಮಗ:
ಬೋಂಡಾ ಇತ್ತಾ?

ಶಿರಾ ಹುಡ್ಗ:
ಇಲ್ಲ ಅಣ್ಣ, ಪಫ್ಸು. ಅದೂ ಮೂರನೇ ಟೀಮ್ ಹೊತ್ತಿಗೆ ಖಾಲಿ.