ಹೆಣ್ಣು ಮೊಲಕ್ಕೆ ಆಪರೇಷನ್ ಮಾಡಿಸಿದವರು ನಿಮ್ಮ ಅನುಭವ ಹೇಳಿ

ವಿಜಯಪುರದಿಂದ:
ನಮ್ಮ ಹೆಣ್ಣು ಮೊಲಕ್ಕೆ ಈಗ 8 ತಿಂಗಳು. ಮೊದಲು ತೊಡೆ ಮೇಲೆ ಬಂದು ಕೂಡುತ್ತಿತ್ತು. ಈಗ ಗೂಡಿಗೆ ಕೈ ಹಾಕಿದರೆ ಗುರ್ ಅನ್ನುತ್ತದೆ, ಕಚ್ಚುತ್ತದೆ. ಮನೆಯಲ್ಲಿ ಗಂಡು ಮೊಲ ಇಲ್ಲ, ಆದರೂ ಎದೆಯ ಕೂದಲು ಕಿತ್ತು ಗೂಡು ಕಟ್ಟುತ್ತದೆ. ಡಾಕ್ಟರು ಗರ್ಭಕೋಶ ತೆಗೆಸಿ ಅಂತಾರೆ. ಅತ್ತೆಯವರು "ಇಷ್ಟು ಸಣ್ಣ ಜೀವಕ್ಕೆ ಕತ್ತರಿ ಯಾಕವ್ವಾ" ಅಂತಾರೆ. ಮಾಡಿಸಿದರೆ ಸ್ವಭಾವ ಬದಲಾಗುತ್ತದಾ? ಜೀವಕ್ಕೆ ಅಪಾಯ ಇದೆಯಾ?

ಬೆಳಗಾವಿಯಿಂದ:
ಅಕ್ಕಾ, ನಮ್ಮದೂ ಹೀಗೇ ಮಾಡುತ್ತಿತ್ತು. ವಯಸ್ಸಿಗೆ ಬಂದ ಹೆಣ್ಣು ಮೊಲ ತನ್ನ ಜಾಗಕ್ಕೆ ಯಾರನ್ನೂ ಬಿಡುವುದಿಲ್ಲ. ಗಂಡು ಸೇರದಿದ್ದರೂ ಸುಳ್ಳು ಗರ್ಭ ನಿಲ್ಲುತ್ತದೆ, 16ರಿಂದ 18 ದಿನ ಇರುತ್ತದೆ. ಕೂದಲು ಕೀಳುವುದು ಅದಕ್ಕೇ.

ಆಪರೇಷನ್ ಆದ ಕೂಡಲೇ ಏನೂ ಬದಲಾಗಲಿಲ್ಲ. ಹಾರ್ಮೋನು ಇಳಿಯಲು ಕೆಲವು ವಾರ ಬೇಕು. ಆಮೇಲೆ ಗುರುಗುಟ್ಟುವುದು ನಿಂತಿತು, ಕಂಡಕಂಡಲ್ಲಿ ಉಚ್ಚೆ ಮಾಡುವುದೂ ನಿಂತಿತು. ವೈರ್ ಕಡಿಯುವುದು ಮಾತ್ರ ಹಾಗೇ ಇದೆ, ಅದು ಮೊಲದ ಗುಣ.

ಆದರೆ ನಾನು ಮಾಡಿಸಿದ್ದು ಮುಖ್ಯವಾಗಿ ಅದರ ಆರೋಗ್ಯ ನೋಡಿ. ಆಪರೇಷನ್ ಆಗದ ಹೆಣ್ಣು ಮೊಲಗಳಿಗೆ ಮೂರು ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬರುವುದು ತುಂಬಾ ಜಾಸ್ತಿ. ಶುರುವಿನಲ್ಲಿ ಗೊತ್ತೇ ಆಗುವುದಿಲ್ಲ. ಉಚ್ಚೆಯಲ್ಲಿ ರಕ್ತ ಕಾಣುವಷ್ಟರಲ್ಲಿ ಶ್ವಾಸಕೋಶಕ್ಕೂ ಹರಡಿರಬಹುದು. ಚೆನ್ನಾಗಿ ನೋಡಿಕೊಂಡರೆ ಮೊಲ 8–10 ವರ್ಷ ಬದುಕುವ ಜೀವ, ಅತ್ತೆಯವರಿಗೆ ಇದನ್ನೇ ಹೇಳಿ.

ಅಪಾಯ ಇಲ್ಲ ಅಂತ ಹೇಳಲಾರೆ. ಅರಿವಳಿಕೆ ಮೊಲಕ್ಕೆ ನಾಯಿ ಬೆಕ್ಕಿಗಿಂತ ಕಷ್ಟ. ಹಾಗಾಗಿ ಮೊಲಕ್ಕೆ ಆಪರೇಷನ್ ಮಾಡಿ ರೂಢಿ ಇರುವ ಡಾಕ್ಟರನ್ನೇ ಹುಡುಕಿ. ಗ್ಯಾಸ್ ಅರಿವಳಿಕೆ ಇದೆಯಾ, ನೋವಿನ ಔಷಧಿ ಎಷ್ಟು ದಿನ ಕೊಡುತ್ತಾರೆ, ಎಲ್ಲಾ ಕೇಳಿ. ರಾತ್ರಿಯಿಡೀ ಉಪವಾಸ ಇಡಿ ಅಂದರೆ ಒಪ್ಪಬೇಡಿ. ಮೊಲಕ್ಕೆ ವಾಂತಿಯೇ ಬರುವುದಿಲ್ಲ, ಹೊಟ್ಟೆ ಖಾಲಿ ಬಿಟ್ಟರೆ ಕರುಳಿನ ಚಲನೆ ನಿಲ್ಲುತ್ತದೆ. ಬಾಯಿಗೆ ಹಾಕುವ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯೋಟಿಕ್ ಕೂಡ ಬೇಡವೇ ಬೇಡ, ಮೊಲದ ಕರುಳಿಗೆ ಅದು ಆಗುವುದಿಲ್ಲ. ಮನೆಗೆ ತಂದ ಮೇಲೆ ಹಿಕ್ಕೆ ನೋಡುತ್ತಿರಿ. ಕರಕಿ, ಕೊತ್ತಂಬರಿ ಮೂಗಿನ ಹತ್ತಿರ ಹಿಡಿಯಿರಿ, ನಮ್ಮದು ಅದೇ ಸಂಜೆ ತಿಂದಿತು. 12 ತಾಸು ಏನೂ ತಿನ್ನದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಬಾಗಲಕೋಟೆಯಿಂದ:
ಏಪ್ರಿಲ್, ಮೇನಲ್ಲಿ ಮಾತ್ರ ಬೇಡ್ರೀ. ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಮೊಲಕ್ಕೆ 30 ದಾಟಿದರೇ ತಡೆಯುವುದಿಲ್ಲ. ಮಳೆ ಬಿದ್ದ ಮೇಲೆ ಮಾಡಿಸಿ. ಆಪರೇಷನ್ ನಂತರ ತೂಕ ಬೇಗ ಏರುತ್ತದೆ. ಪೆಲೆಟ್ (ಅಂಗಡಿಯ ಗುಳಿಗೆ ಆಹಾರ) ಕಡಿಮೆ ಮಾಡಿ, ಒಣಹುಲ್ಲು ಸದಾ ಇರಲಿ.

ವಿಜಯಪುರದ ಇನ್ನೊಬ್ಬರಿಂದ:
ಎಲ್ಲ ಮೊಲವೂ ಮುದ್ದಾಗುತ್ತದೆ ಅಂತ ನಂಬಬೇಡಿ. ನಮ್ಮದು ಕಚ್ಚುವುದು ಬಿಟ್ಟಿದೆ, ಎತ್ತಿಕೊಳ್ಳಲು ಈಗಲೂ ಬಿಡುವುದಿಲ್ಲ. ಜೊತೆಗೆ ಗಂಡು ತರುವುದಾದರೆ ಅದಕ್ಕೂ ಆಪರೇಷನ್ ಮಾಡಿಸಿ, ಆಮೇಲೂ 4–6 ವಾರ ಬೇರೆ ಇಡಿ. ಇವಳ ಗಾಯ ಮಾಗುವವರೆಗೆ ಜಿಗಿಯಲು ಬಿಡಬೇಡಿ. ಹೊಲಿಗೆ ಕಡಿಯುತ್ತಿದೆಯಾ ಅಂತ ದಿನಾ ಬೆಳಿಗ್ಗೆ ಸಂಜೆ ನೋಡಿ.