ಗ್ರಾಮರ್ ಆ್ಯಪ್ ತಿದ್ದಿಕೊಟ್ಟರೆ ಮಕ್ಕಳು ಇಂಗ್ಲಿಷ್ ಕಲಿಯುತ್ತಾರಾ?

ಪಿಯು_ಮೇಡಂ:
ನಮಸ್ಕಾರ. ಸರ್ಕಾರಿ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಈ ವರ್ಷ ಕೆಲವರು ಪ್ರಬಂಧವನ್ನು ಫೋನಲ್ಲಿ ಟೈಪ್ ಮಾಡಿ, ಗ್ರಾಮರ್ ಆ್ಯಪ್‌ನಲ್ಲಿ ತಿದ್ದಿಸಿ, ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬರುತ್ತಿದ್ದಾರೆ. ಹುಡುಕಿದರೂ ತಪ್ಪಿಲ್ಲ. ಅದೇ ಹುಡುಗ ಕ್ಲಾಸಲ್ಲಿ ರಜಾ ಚೀಟಿ ಬರೆದರೆ ‘ಐ ಹ್ಯಾವ್ ಸೀನ್ ಡಾಕ್ಟರ್ ಯೆಸ್ಟರ್‌ಡೇ’. ಆ್ಯಪ್ ಬೇಡ ಅನ್ನೋಣ ಅಂದರೆ, ಅರವತ್ತು ನೋಟ್‌ಬುಕ್ ತಿದ್ದಿ ವಾಪಸ್ ಕೊಡುವಷ್ಟರಲ್ಲಿ ಅವರಿಗೆ ಏನು ಬರೆದಿದ್ದೆವು ಅನ್ನೋದೇ ಮರೆತಿರುತ್ತೆ. ಏನು ಮಾಡಲಿ?

ಹಳೇ_ಮೇಷ್ಟ್ರು:
ಬೇಡ ಅನ್ನಬೇಡಿ ಮೇಡಂ. ತಪ್ಪಿನ ಕೆಳಗೆ ಆ್ಯಪ್ ಎಳೆಯುವ ಗೆರೆ ಒಳ್ಳೆಯದು, ಅದರ ಮೇಲೆ ಒತ್ತಿದ ತಕ್ಷಣ ಬರುವ ಉತ್ತರದಿಂದಲೇ ತೊಂದರೆ. ಗೆರೆ ನೋಡಿದ ಮೇಲೆ ಎರಡು ನಿಮಿಷ ಯೋಚಿಸಲಿ, ಆಮೇಲೆ ಒತ್ತಲಿ.

ನಿಮ್ಮ ಹುಡುಗನ ವಾಕ್ಯವನ್ನೇ ನೋಡಿ. ‘ನಿನ್ನೆ ಡಾಕ್ಟರನ್ನು ನೋಡಿದ್ದೇನೆ’ ಅಂತ ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು. ಇಂಗ್ಲಿಷಿನಲ್ಲಿ ‘ಯೆಸ್ಟರ್‌ಡೇ’ ಬಂದರೆ ‘ಹ್ಯಾವ್ ಸೀನ್’ ನಿಲ್ಲುವುದಿಲ್ಲ, ‘ಸಾ’ ಆಗಬೇಕು. ‘ಡಿಸ್ಕಸ್ ಅಬೌಟ್’ ಕೂಡ ಹಾಗೇ, ನಮ್ಮ ‘ಬಗ್ಗೆ’ ಅಲ್ಲಿ ‘ಅಬೌಟ್’ ಆಗಿ ಕೂತಿದೆ. ಇನ್ನು ಇಂಗ್ಲಿಷಿನ ‘ದ’ಗೆ (the) ಸಮನಾದ ಪದವೇ ಕನ್ನಡದಲ್ಲಿಲ್ಲ, ಹಾಗಾಗಿ ಅದು ಬಿಟ್ಟುಹೋಗುತ್ತೆ. ಮಗು ದಡ್ಡ ಅಂತಲ್ಲ, ಅದು ಕನ್ನಡದಲ್ಲಿ ಸರಿಯಾಗಿ ಯೋಚಿಸಿದೆ ಅಷ್ಟೇ. ಇದನ್ನು ಆ್ಯಪ್ ಹೇಳುವುದಿಲ್ಲ, ನೀವು ಹೇಳಬಹುದು.

ಕನ್ನಡ_ಮೀಡಿಯಂ_ಹುಡುಗಿ:
ಎರಡು ವರ್ಷ ನಾನೂ ಬರೀ ಒತ್ತಿಕೊಂಡೇ ಹೋದೆ. ಒಂದು ಇಂಟರ್‌ವ್ಯೂನಲ್ಲಿ ಪೇಪರ್ ಕೊಟ್ಟು ಲೆಟರ್ ಬರೀರಿ ಅಂದರು, ನಾಲ್ಕು ಸಾಲಿಗೆ ಕೈ ನಿಂತುಹೋಯಿತು. ಆವತ್ತು ತುಂಬಾ ಅತ್ತಿದ್ದೇನೆ.

ಆಮೇಲೆ ಹೀಗೆ ಮಾಡಿದೆ. ವರ್ಡ್‌ನಲ್ಲಿ ಬರೆಯುವಾಗಲೇ ಗೆರೆ ಬರುವುದನ್ನು ಆಫ್ ಮಾಡಿ, ಪೂರ್ತಿ ಬರೆದು, ಒಮ್ಮೆ ನಾನೇ ಓದಿ, ಕೊನೆಗೆ ತಪ್ಪು ಹುಡುಕುವ ಎಫ್7 ಕೀ ಒತ್ತುತ್ತಿದ್ದೆ. ಅದು ತೋರಿಸಿದ ತಪ್ಪನ್ನು ನೋಟ್‌ಬುಕ್ಕಿನ ಎಡಗಡೆ, ಸರಿಯಾದದ್ದನ್ನು ಬಲಗಡೆ, ಕೆಳಗೆ ಯಾಕೆ ಅಂತ ಕನ್ನಡದಲ್ಲೇ ಒಂದು ಸಾಲು. ಮೂರು ವಾರಕ್ಕೇ ಗೊತ್ತಾಯಿತು, ನನ್ನ ತಪ್ಪುಗಳಲ್ಲಿ ಮುಕ್ಕಾಲು ಪಾಲು ‘ದ’, ‘ಇನ್’, ‘ಆನ್’, ‘ಅಟ್’ ಅಂತ. ಭಾಷೆಯನ್ನು ‘ಇಂಗ್ಲಿಷ್ (ಇಂಡಿಯಾ)’ ಅಂತ ಇಟ್ಟುಕೊಳ್ಳಿ, ಇಲ್ಲದಿದ್ದರೆ ‘ಕಲರ್’ ಸ್ಪೆಲ್ಲಿಂಗಿನಲ್ಲಿ ‘ಯು’ ಇದ್ದರೂ ತಪ್ಪು ಅನ್ನಬಹುದು.

ಲ್ಯಾಬ್_ಸರ್:
ನಿಮ್ಮಲ್ಲಿ ನೆಟ್ ಸರಿ ಇಲ್ಲದಿದ್ದರೆ ಲ್ಯಾಂಗ್ವೇಜ್‌ಟೂಲ್ ಅನ್ನೋ ಗ್ರಾಮರ್ ತಿದ್ದುವ ಸಾಫ್ಟ್‌ವೇರ್ ನೋಡಿ. 2003ರಲ್ಲಿ ಶುರುವಾದದ್ದು, ಓಪನ್ ಸೋರ್ಸ್. ಜಾವಾ ಅನ್ನೋ ಸಾಫ್ಟ್‌ವೇರ್ ಹಾಕಿರುವ ಕಂಪ್ಯೂಟರಿನಲ್ಲಿ ನೆಟ್ ಇಲ್ಲದೆಯೂ ಓಡುತ್ತೆ. ಅದರಲ್ಲಿ ಬೇಡದ ನಿಯಮಗಳನ್ನು ಒಂದೊಂದಾಗಿ ಆಫ್ ಮಾಡಬಹುದು. ಈ ವಾರ ಬರೀ ‘ಎ, ಆನ್, ದ’, ಮುಂದಿನ ವಾರ ಬರೀ ಕಾಲ (ಟೆನ್ಸ್), ಹೀಗೆ. ಒಂದೇ ಪುಟಕ್ಕೆ ಮೂವತ್ತು ಗೆರೆ ಬಿದ್ದರೆ ಮಗು ಹೆದರಿ ಬಿಟ್ಟೇಬಿಡುತ್ತೆ, ನಾನೇ ನೋಡಿದ್ದೇನೆ.

ಎಲ್ಲಾ ತಪ್ಪೂ ಸಿಗುತ್ತೆ ಅಂತ ಮಾತ್ರ ನಂಬಬೇಡಿ. ‘ರೈನ್ ಈಸ್ ಕಮಿಂಗ್’ ಅಂತ ಬರೆದರೆ ಗೆರೆ ಬರದೇ ಇರಬಹುದು, ವ್ಯಾಕರಣ ಸರಿ ಇದೆಯಲ್ಲ. ಇಂಗ್ಲಿಷಿನವರು ಮಳೆ ಸುರಿಯುತ್ತಿರುವಾಗ ಹಾಗೆ ಹೇಳುವುದಿಲ್ಲ, ಅಷ್ಟೇ. ಇನ್ನೊಬ್ಬ ಹುಡುಗ ಅಮ್ಮ ಮಾಡುವ ‘ಮುದ್ದೆ’ ಬಗ್ಗೆ ಬರೆದಿದ್ದ, ಆ್ಯಪ್ ಅದನ್ನು ‘ಮಡಲ್’ ಮಾಡಿತ್ತು, ಅವನು ಹಾಗೇ ಒಪ್ಪಿಕೊಂಡು ತಂದಿದ್ದ. ನಿಮ್ಮ ಊಟದ ಹೆಸರು ತಪ್ಪಲ್ಲ, ಹಾಗೇ ಬಿಡು ಅಂತ ಮೊದಲೇ ಹೇಳಿಕೊಡಿ.

ಪಿಯು_ಮೇಡಂ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಲ್ಯಾಬಿನಲ್ಲಿ ಹೆಸರು ತೆಗೆದು ಒಂದು ಪ್ಯಾರಾ ಸ್ಕ್ರೀನಿಗೆ ಹಾಕಿದೆ. ‘ದ’ ನಿಯಮ ಮಾತ್ರ ಆನ್, ಒತ್ತುವ ಹಾಗಿಲ್ಲ ಅಂದೆ. ಕೊನೇ ಬೆಂಚಿನ ಹುಡುಗಿ, ಇಡೀ ವರ್ಷ ಬಾಯಿ ಬಿಡದವಳು, ಎದ್ದು ನಿಂತು ‘ಮೇಡಂ, ಸೂರ್ಯನಿಗೆ ದ ಯಾಕೆ ಬೇಕು, ನಮ್ಮೂರಿಗೆ ಯಾಕೆ ಬೇಡ?’ ಅಂದಳು. ಅರ್ಧ ಪೀರಿಯಡ್ ಅದಕ್ಕೇ ಹೋಯಿತು.