ಪದಚರ್ಚೆ: ಗ್ಯಾಸ್ಟ್ರೋಪರೇಸಿಸ್‌ಗೆ ಕನ್ನಡದಲ್ಲಿ ಏನೆನ್ನುವುದು? (ಫಲಕಕ್ಕೆ, ಇವತ್ತೇ ಬೇಕು)

ಪ್ರಶ್ನೆ, ಉಡುಪಿಯಿಂದ:
ಸಕ್ಕರೆ ಕಾಯಿಲೆಯವರು ಕಾಯುವ ಕೋಣೆಯ ಗೋಡೆಗೆ ಹಾಕುವ ಫಲಕ. ಸಂಜೆ ಪ್ರಿಂಟಿಗೆ ಹೋಗ್ತದೆ. ಹಳೆಯ ಡಯಾಬಿಟಿಸ್‌ನಿಂದ ಜಠರವನ್ನು ನಡೆಸುವ ವೇಗಸ್ ನರ ಕೆಟ್ಟು, ಜಠರ ಅನ್ನವನ್ನು ಅರೆದು ಸಣ್ಣ ಕರುಳಿಗೆ ತಳ್ಳುವುದು ನಿಧಾನವಾಗುತ್ತದಲ್ಲ, ಆ ಸ್ಥಿತಿಗೆ ಪದ ಬೇಕು. ದಾರಿಯಲ್ಲಿ ಗಡ್ಡೆ, ಅಡ್ಡಿ ಏನೂ ಇರುವುದಿಲ್ಲ. ಹಾಗಾಗಿ 'ತಡೆ', 'ಕಟ್ಟು' ಬೇಡ. ಕರಡಿನಲ್ಲಿ 'ಜಠರ ಪಾರ್ಶ್ವವಾಯು' ಅಂತ ಇದೆ.

ಮಂಗಳೂರಿನಿಂದ:
ತಪ್ಪು. ಪಾರ್ಶ್ವ ಅಂದರೆ ಮಗ್ಗುಲು, ಇಲ್ಲಿ ಮಗ್ಗುಲಿನ ಪ್ರಶ್ನೆಯೇ ಇಲ್ಲ. ಪರೇಸಿಸ್ ಎಂದರೆ ಪೂರ್ತಿ ಬಿದ್ದುಹೋಗುವುದೂ ಅಲ್ಲ, ಬಲ ಕುಂದುವುದು. ಬರೀ 'ಜಠರವಾಯು' ಮಾಡಿದಿರೋ, ಎಲ್ಲರೂ ಗ್ಯಾಸ್ ಅಂತ ಓದುತ್ತಾರೆ. 'ಜಠರಮಾಂದ್ಯ' ಹಾಕಿ.

ಕಾರ್ಕಳದಿಂದ:
ಮಾಂದ್ಯ ಅಂದ ಕೂಡಲೇ ಅಗ್ನಿಮಾಂದ್ಯ ನೆನಪಾಗ್ತದೆ. ಅದು ಹಸಿವು ಕೆಟ್ಟವರ ಮಾತು ಭಟ್ರೇ. ಇದರಲ್ಲಿ ನಾಲ್ಕು ತುತ್ತಿಗೇ ಹೊಟ್ಟೆ ಬಿಗಿಯುತ್ತದೆ, ಮಧ್ಯಾಹ್ನ ಉಂಡದ್ದು ರಾತ್ರಿ ವಾಂತಿಯಲ್ಲಿ ಹಾಗೆಹಾಗೇ ಬರುತ್ತದೆ. ಕೈಕಾಲು ಸೋತಿತು ಅನ್ನುವುದಿಲ್ಲವೇ? 'ಜಠರಸೋಲು'.

ಮಂಗಳೂರಿನಿಂದ:
ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ಆಗದು.

ಕಾರ್ಕಳದಿಂದ:
ಸರಿ, 'ಹೊಟ್ಟೆಸೋಲು'. ಪೂರಾ ಕನ್ನಡ. ತುಳುವಿನಲ್ಲಿ ಬಂಜಿ, ಕನ್ನಡದಲ್ಲಿ ಹೊಟ್ಟೆ. ಜಠರ ನೋಯುತ್ತದೆ ಅಂತ ಡಾಕ್ಟರ ಹತ್ತಿರ ಯಾರೂ ಹೇಳುವುದಿಲ್ಲ.

ಮಂಗಳೂರಿನಿಂದ:
ಹೊಟ್ಟೆ ಅಂದರೆ ಕರುಳೂ ಅದರಲ್ಲೇ ಬಂತು. ಜಠರ ಶಾಲೆಯ ಮಕ್ಕಳಿಗೂ ಗೊತ್ತು. ಸಂಸ್ಕೃತ ಬೇಡವೆಂದರೆ ಜೀರ್ಣ, ರೋಗ, ಔಷಧ ಮೂರನ್ನೂ ಬಿಡಿ, ಆಮೇಲೆ ಮಾತಾಡುವ.

ಕುಂದಾಪುರದಿಂದ:
ಸಮಾಸದ ಜಗಳ ನಾಳೆಗಿರಲಿ ಮಾರಾಯ್ರೇ. ಒಂದು ಮಾತ್ರ ಮಾಡಬೇಡಿ, ಇಂಗ್ಲಿಷ್ ಹೆಸರನ್ನು ತಲೆಬರಹಕ್ಕೆ ಹಾಕಬೇಡಿ. 'ಗ್ಯಾಸ್ಟ್ರೋ' ಕಂಡರೆ ಜನ ಗ್ಯಾಸ್ಟ್ರಿಕ್ ಅಂದುಕೊಂಡು ಪ್ಯಾಂಟೊಪ್ರಜೋಲ್ ನುಂಗುತ್ತಾರೆ. ಅದು ಆಮ್ಲ ತಗ್ಗಿಸುತ್ತದೆ, ಜಠರವನ್ನು ಖಾಲಿ ಮಾಡುವುದಿಲ್ಲ. ದೊಡ್ಡ ಅಪಾಯ ಇನ್ಸುಲಿನ್ ತೆಗೆದುಕೊಳ್ಳುವವರಿಗೆ. ಊಟಕ್ಕೆ ಮೊದಲು ಚುಚ್ಚಿಕೊಂಡ ಇನ್ಸುಲಿನ್ ಕೆಲಸ ಶುರುಮಾಡುವ ಹೊತ್ತಿಗೆ ಅನ್ನ ಇನ್ನೂ ಜಠರದಲ್ಲೇ ಇರುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ. ಅನ್ನ ಕರುಳಿಗೆ ಇಳಿಯುವಾಗ ಇನ್ಸುಲಿನ್ ಬಲ ತಗ್ಗಿರುತ್ತದೆ, ಸಕ್ಕರೆ ಏರುತ್ತದೆ. ಏರಿದ ಸಕ್ಕರೆ ಜಠರವನ್ನು ಮತ್ತಷ್ಟು ನಿಧಾನ ಮಾಡುತ್ತದೆ. ಇಷ್ಟೆಲ್ಲ ಆಗುವುದು ಹೊತ್ತು ತಪ್ಪಿದ್ದರಿಂದ; ಹೆಸರಿನಲ್ಲಿ 'ತಡ' ಕಾಣಲೇಬೇಕು. ಸ್ಕ್ಯಾನ್‌ನಲ್ಲಿ ಅಳೆಯುವುದೂ ಅದನ್ನೇ: 4 ಗಂಟೆ ಕಳೆದರೂ ಊಟದ ಶೇ. 10ಕ್ಕಿಂತ ಹೆಚ್ಚು ಜಠರದಲ್ಲಿ ಉಳಿದಿದ್ದರೆ ತಡ. 'ಜಠರ ತಡವಾಗಿ ಖಾಲಿಯಾಗುವುದು' ಅಂತ ಬರೆಯಿರಿ. ಸೋಲು, ಮಾಂದ್ಯ ಎರಡೂ ಈ ವಿಷಯ ಹೇಳುವುದಿಲ್ಲ.

ಕಾರ್ಕಳದಿಂದ:
ಒಪ್ಪಿದೆ. ಕೆಳಗೆ ಊಟದ ಸಾಲೂ ಹಾಕಿ: ಸ್ವಲ್ಪಸ್ವಲ್ಪವಾಗಿ ದಿನಕ್ಕೆ 5–6 ಸಲ, ಮೆತ್ತಗೆ ಬೆಂದ ಗಂಜಿ, ಕರಿದದ್ದು ಬೇಡ, ಉಂಡ ಕೂಡಲೇ ಮಲಗಬೇಡಿ. ಬಸಳೆ ದಂಟು, ಹಲಸಿನಂಥ ನಾರಿನ ಪದಾರ್ಥ ಕಡಿಮೆ ತಿನ್ನಿ. ಇಂಥ ಜಠರದಲ್ಲಿ ನಾರು ಉಂಡೆಗಟ್ಟುತ್ತದೆ. ಸಕ್ಕರೆ ಕಾಯಿಲೆಯವರಿಗೆ ನಾರು ಹೆಚ್ಚು ತಿನ್ನಿ ಅಂತಲೇ ಎಲ್ಲ ಕಡೆ ಹೇಳಿರುತ್ತಾರೆ, ಆದ್ದರಿಂದ ಇದನ್ನು ದಪ್ಪಕ್ಷರದಲ್ಲಿ ಹಾಕಿ. ಇನ್ಸುಲಿನ್ ಹೊತ್ತು, ಪ್ರಮಾಣ ಬದಲಿಸುವುದು ಡಾಕ್ಟರೇ.

ಉಡುಪಿಯಿಂದ:
'ಜಠರ (ಹೊಟ್ಟೆ) ತಡವಾಗಿ ಖಾಲಿಯಾಗುವುದು'. ಕಳಿಸ್ತಾ ಇದ್ದೇನೆ.

ಮಂಗಳೂರಿನಿಂದ:
'ಖಾಲಿ' ಅರಬ್ಬಿ. 'ಬರಿದಾಗುವುದು' ಮಾಡಿ.

ಕಾರ್ಕಳದಿಂದ:
ಬೇಡ. ಬಸ್ಸು ಖಾಲಿ, ಬಾಡಿಗೆ ಮನೆ ಖಾಲಿ, ಇದೂ ಖಾಲಿ.